ಎರಡು ಅಳತೆಗೋಲು: ಅಮೆರಿಕದಲ್ಲಿ ತೆರಿಗೆ, ಸವಲತ್ತು ಮತ್ತು ವಲಸೆ ಸ್ಥಿತಿ

ಅಮೆರಿಕದ ತೆರಿಗೆ ನಿಯಮ ಓದಲು ಶುರು ಮಾಡಿದಾಗ ನನ್ನನ್ನು ಜಾಸ್ತಿ ಕಾಡಿದ್ದು ‘ರೆಸಿಡೆಂಟ್’ ಎಂಬ ಪದ. ವಲಸೆ ಕಾನೂನಿನಲ್ಲಿ ಪರ್ಮನೆಂಟ್ ರೆಸಿಡೆಂಟ್ ಎಂದರೆ ಗ್ರೀನ್ ಕಾರ್ಡ್ ಇರುವವರು. ತೆರಿಗೆ ಕಾನೂನಿನಲ್ಲಿ ಹಾಗಲ್ಲ. ಗ್ರೀನ್ ಕಾರ್ಡ್ ಇಲ್ಲದವರೂ ರೆಸಿಡೆಂಟ್ ಆಗಬಹುದು, ವೀಸಾ ಮುಗಿದವರೂ ಆಗಬಹುದು. ತೆರಿಗೆಯವರು ಮುಖ್ಯವಾಗಿ ದಿನ ಎಣಿಸುತ್ತಾರೆ, ಸವಲತ್ತು ಕೊಡುವವರು ಕಾಗದ ನೋಡುತ್ತಾರೆ. ಗೊಂದಲವೆಲ್ಲ ಹುಟ್ಟುವುದು ಇಲ್ಲೇ.

ಮೊದಲು ದಿನದ ಲೆಕ್ಕ. ಈ ವರ್ಷ ಕನಿಷ್ಠ 31 ದಿನ ಅಲ್ಲಿದ್ದಿರಬೇಕು. ಅದರ ಜೊತೆಗೆ ಈ ವರ್ಷದ ಎಲ್ಲ ದಿನ, ಹೋದ ವರ್ಷದ ದಿನಗಳ ಮೂರನೇ ಒಂದು ಪಾಲು, ಅದರ ಹಿಂದಿನ ವರ್ಷದ ಆರನೇ ಒಂದು ಪಾಲು ಕೂಡಿಸಿದರೆ 183 ಮುಟ್ಟಬೇಕು. ಮೂರೂ ವರ್ಷ 120 ದಿನ ಇದ್ದವರಿಗೆ 120, 40, 20 ಸೇರಿ 180. ಅವರು ರೆಸಿಡೆಂಟ್ ಅಲ್ಲ. ವರ್ಷಕ್ಕೆ ಎರಡೇ ದಿನ ಜಾಸ್ತಿ, ಅಂದರೆ 122 ಆದರೆ, ಸರಿಯಾಗಿ 183! ಪೆನ್ನು ಹಿಡಿದು ಒಮ್ಮೆ ನೀವೇ ಕೂಡಿಸಿ ನೋಡಿ, ಆಮೇಲೆ ಮರೆಯುವುದಿಲ್ಲ. ರೆಸಿಡೆಂಟ್ ಆದವರು ಅಮೆರಿಕದ ಆದಾಯವಷ್ಟೇ ಅಲ್ಲ, ಭಾರತದ ಬ್ಯಾಂಕಿನಲ್ಲಿ ಬಂದ ಬಡ್ಡಿಯನ್ನೂ ತೋರಿಸಬೇಕು.

ಎಫ್-1 ವಿದ್ಯಾರ್ಥಿಗಳಿಗೆ ಇಲ್ಲೊಂದು ವಿನಾಯಿತಿ ಇದೆ. ಮೊದಲ 5 ಕ್ಯಾಲೆಂಡರ್ ವರ್ಷಗಳ ದಿನಗಳು ಎಣಿಕೆಗೆ ಬರುವುದಿಲ್ಲ. ಆದರೆ ಡಿಸೆಂಬರ್ ಕೊನೆಗೆ ಬಂದಿಳಿದರೂ ಆ ವರ್ಷ ಪೂರ್ತಿ ಒಂದು ವರ್ಷವೇ. 2021ರಲ್ಲಿ ಬಂದವರಿಗೆ 2025ಕ್ಕೆ ವಿನಾಯಿತಿ ಮುಗಿಯಿತು. ಈ ಅವಧಿಯಲ್ಲಿ ಅವರ ಸಂಬಳದಿಂದ ನಿವೃತ್ತಿ ಪಿಂಚಣಿ ಕೊಡುವ ಸೋಶಿಯಲ್ ಸೆಕ್ಯುರಿಟಿಯ 6.2 ಶೇಕಡಾ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ 1.45 ಶೇಕಡಾ ಹಿಡಿಯುವಂತಿಲ್ಲ. ರೆಸಿಡೆಂಟ್ ಆದಮೇಲೆ ಹಿಡಿಯುತ್ತಾರೆ. ಅದೇ ಕೆಲಸ, ಅದೇ ವೀಸಾ, ಕೈಗೆ ಬರುವ ಸಂಬಳ ಮಾತ್ರ ಕಡಿಮೆ. ಇನ್ನೊಂದು ವಿಷಯ ನಮ್ಮವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ: ಸಾಮಾನ್ಯವಾಗಿ ನಾನ್-ರೆಸಿಡೆಂಟ್‌ಗಳಿಗೆ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆಗೆ ಮುಂಚೆ ಆದಾಯದಿಂದ ಕಳೆಯುವ ನಿಗದಿತ ಮೊತ್ತ), ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದಾಗಿ ಭಾರತದ ವಿದ್ಯಾರ್ಥಿಗಳಿಗೆ ಸಿಗುತ್ತದೆ.

ಎಚ್-1ಬಿ ಎಂಬ ಉದ್ಯೋಗ ವೀಸಾದವರಿಗೆ ಆ ವಿನಾಯಿತಿ ಇಲ್ಲ, ಮೊದಲ ಸಂಬಳದಿಂದಲೇ ಕಡಿತ. ಸೋಶಿಯಲ್ ಸೆಕ್ಯುರಿಟಿಯ ನಿವೃತ್ತಿ ಪಿಂಚಣಿಗೆ 40 ಕ್ರೆಡಿಟ್, ಅಂದರೆ ದುಡಿಮೆಗೆ ಸಿಗುವ ಅಂಕ, ಬೇಕು. ವರ್ಷಕ್ಕೆ ಹೆಚ್ಚೆಂದರೆ 4 ಸಿಗುತ್ತವೆ, ಅಂದರೆ ಕನಿಷ್ಠ 10 ವರ್ಷದ ದುಡಿಮೆ. ಎಚ್-1ಬಿಯ ಸಾಮಾನ್ಯ ಮಿತಿ 6 ವರ್ಷ. 24 ಕ್ರೆಡಿಟ್ ಇಟ್ಟುಕೊಂಡು ವಾಪಸಾದವರಿಗೆ ಪಿಂಚಣಿ ಇಲ್ಲ, ಕಟ್ಟಿದ ಹಣವೂ ವಾಪಸ್ ಬರುವುದಿಲ್ಲ. ಎರಡು ದೇಶಗಳ ದುಡಿಮೆಯನ್ನು ಕೂಡಿಸಿ ನೋಡುವ ಒಪ್ಪಂದ ಬೇಕೆಂದು ಭಾರತ ಬಹಳ ವರ್ಷಗಳಿಂದ ಕೇಳುತ್ತಾ ಬಂದಿದೆ. ಅದು ನ್ಯಾಯವಾದ ಬೇಡಿಕೆ ಎಂದೇ ನನ್ನ ಅನಿಸಿಕೆ.

ಈಗ ಸವಲತ್ತಿನ ಕಡೆ. ಇಲ್ಲಿ ತಳಪಾಯ 1996ರ ವೆಲ್ಫೇರ್ ಕಾನೂನು. ಬಡವರ ಆರೋಗ್ಯಕ್ಕಿರುವ ಮೆಡಿಕೇಡ್‌ನಂಥ ಕೇಂದ್ರದ ಯೋಜನೆಗಳಿಗೆ ಹೆಚ್ಚಿನ ಗ್ರೀನ್ ಕಾರ್ಡ್‌ದಾರರು 5 ವರ್ಷ ಕಾಯಬೇಕು ಎಂದದ್ದು ಅದೇ. ಆಹಾರ ನೆರವಿನ ಸ್ನ್ಯಾಪ್‌ಗೂ ಅಷ್ಟೇ, ಆದರೆ ಅಲ್ಲಿ 18 ತುಂಬದ ಮಕ್ಕಳು ಕಾಯಬೇಕಿಲ್ಲ. ನಿರಾಶ್ರಿತರಿಗೆ ಈ ಕಾಯುವಿಕೆ ಇರಲಿಲ್ಲ. 2025ರ ಜುಲೈನ ಕಾನೂನು ಅವರನ್ನು ಸ್ನ್ಯಾಪ್‌ನಿಂದಲೇ ಹೊರಗಿಟ್ಟಿತು, ಗ್ರೀನ್ ಕಾರ್ಡ್ ಸಿಗುವವರೆಗೆ. ಎಚ್-1ಬಿಯವರಂತೂ ಎಷ್ಟು ವರ್ಷ ತೆರಿಗೆ ಕಟ್ಟಿದರೂ ಸ್ನ್ಯಾಪ್‌ಗೆ ಅರ್ಹರಲ್ಲ.

ವಿದ್ಯಾರ್ಥಿಯ 5 ವರ್ಷವನ್ನೂ ಗ್ರೀನ್ ಕಾರ್ಡ್‌ನ 5 ವರ್ಷವನ್ನೂ ಕಲಸಿಕೊಳ್ಳಬೇಡಿ. ಮೊದಲನೆಯದು ಕಾಲಿಟ್ಟ ವರ್ಷದಿಂದ, ಕ್ಯಾಲೆಂಡರ್ ನೋಡಿ ಎಣಿಸುವಂಥದ್ದು. ಎರಡನೆಯದು ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸ್ಥಿತಿ ಸಿಕ್ಕ ದಿನದಿಂದ.

ದಾಖಲೆ ಇಲ್ಲದವರ ವಿಷಯದಲ್ಲಿ ಎರಡು ಅಳತೆಗಳ ಅಂತರ ಕಣ್ಣಿಗೆ ಹೊಡೆಯುತ್ತದೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಸಿಗದವರು ತೆರಿಗೆ ಕಟ್ಟಲೆಂದೇ 1996ರಿಂದ ಐಟಿಐಎನ್ ಇದೆ. 9ರಿಂದ ಶುರುವಾಗುವ 9 ಅಂಕಿಯ ಸಂಖ್ಯೆ. ಅದರಿಂದ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಕಡಿಮೆ ಸಂಬಳದವರಿಗಿರುವ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಮಕ್ಕಳಿಗೆ ಸರ್ಕಾರಿ ಶಾಲೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ ಪ್ಲೈಲರ್ ವಿರುದ್ಧ ಡೋ ಪ್ರಕರಣದಲ್ಲಿ ಹೇಳಿದೆ. ಮೆಡಿಕೇರ್ ಒಪ್ಪುವ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ಯಾರೇ ಬಂದರೂ ತಪಾಸಣೆ ಮಾಡಿ ಸ್ಥಿತಿ ಸ್ಥಿರಗೊಳಿಸಬೇಕು. ಅದು 1986ರ ಕಾನೂನು.

ಕೊನೆಗೆ ‘ಪಬ್ಲಿಕ್ ಚಾರ್ಜ್’. 1882ರಿಂದ ಇರುವ ಮಾತು ಇದು. ಸರ್ಕಾರದ ಮೇಲೆ ಹೊರೆಯಾಗಬಹುದು ಎನಿಸಿದವರಿಗೆ ಗ್ರೀನ್ ಕಾರ್ಡ್ ನಿರಾಕರಿಸಬಹುದು. 2019ರ ನಿಯಮ ಸ್ನ್ಯಾಪ್, ಮೆಡಿಕೇಡ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. 2022ರದ್ದು ಮುಖ್ಯವಾಗಿ ನಗದು ನೆರವು ಮತ್ತು ಸರ್ಕಾರದ ಖರ್ಚಿನಲ್ಲಿ ಸಂಸ್ಥೆಗಳಲ್ಲಿ ದೀರ್ಘಕಾಲ ಇರುವುದನ್ನು ಮಾತ್ರ ನೋಡುವಂತೆ ಮಾಡಿತು. ಹೀಗೆ ಬದಲಾಗುತ್ತಲೇ ಇರುವುದರಿಂದ ಯಾವ ವರ್ಷದ ನಿಯಮ ಓದುತ್ತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ಈ ಎರಡು ನಿಯಮಗಳಲ್ಲೂ ಮಗು ಪಡೆದ ಸವಲತ್ತನ್ನು ತಾಯಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಆದರೂ ಅಮೆರಿಕದಲ್ಲೇ ಹುಟ್ಟಿದ, ಪೌರತ್ವವಿರುವ ತಮ್ಮ ಮಕ್ಕಳ ಸವಲತ್ತನ್ನೂ ಎಷ್ಟೋ ತಂದೆತಾಯಿ ಹೆದರಿಕೊಂಡು ಬಿಟ್ಟುಬಿಟ್ಟರು.