ಕಲ್ಲಿದ್ದಲು ವ್ಯಾಗನ್ನಿನ ಒಂದು ಗಾಲಿ ಎದ್ದೇ ಇರುವುದೇಕೆ?

ಪ್ರಶ್ನೆ: "ಹಳೇ ಬ್ರಿಟಿಷ್ ಕಲ್ಲಿದ್ದಲು ವ್ಯಾಗನ್ನಿನ ಪ್ಲಾಸ್ಟಿಕ್ ಕಿಟ್ ಜೋಡಿಸೀನ್ರಿ. ಹಳಿ ಮ್ಯಾಲ ಇಟ್ರ ಮೂರು ಗಾಲಿ ಕೂಡತಾವ, ಒಂದು ಎದ್ದ ಇರತದ. ತಿರುವಿನ್ಯಾಗ ಹಳಿ ತಪ್ಪತದ. ಏನ್ ಮಾಡ್ಬೇಕ್ರಿ?" (ಟಿಳಕವಾಡಿ, ಬೆಳಗಾವಿ)

ಬಹುತೇಕ ಅಡಿಚೌಕಟ್ಟು ತಿರುಚಿಕೊಂಡಿದೆ. ನಿಮ್ಮ ಟಿಳಕವಾಡಿಯ ರೈಲ್ವೆ ಗೇಟು ದಾಟಿ ಹೋಗುವ ಎಂಟು ಗಾಲಿಯ ವ್ಯಾಗನ್ನುಗಳಲ್ಲಿ ಹಳಿ ತುಸು ಏರುಪೇರಾದರೂ ಬೋಗಿ (ನಾಲ್ಕು ಗಾಲಿ ಹೊತ್ತು ತಿರುಗುವ ಪುಟ್ಟ ಚೌಕಟ್ಟು) ಹೊಂದಿಕೊಳ್ಳುತ್ತದೆ. 1923ರ ಮಾದರಿಯ, 12 ಟನ್ನಿನ, ಏಳು ಹಲಗೆಯ ಗೋಡೆಯ ಬ್ರಿಟಿಷ್ ವ್ಯಾಗನ್ನಿಗೆ ಇರುವುದು ನಾಲ್ಕೇ ಗಾಲಿ. ಅಸಲು ವ್ಯಾಗನ್ನಿನಲ್ಲಿ ಪ್ರತಿ ಗಾಲಿಯ ಮೇಲೂ ಲಾರಿಗಿರುವಂಥ ಪಟ್ಟಿ ಸ್ಪ್ರಿಂಗ್ ಇತ್ತು. ಕಿಟ್‌ನಲ್ಲಿ ಅದು ಬರೀ ಅಚ್ಚಿನ ಆಕಾರ, ಬಾಗುವುದಿಲ್ಲ.

ಮೊದಲು ವ್ಯಾಗನ್ನನ್ನು ಹಳಿಯಿಂದ ತೆಗೆದು ದಪ್ಪ ಗಾಜಿನ ಮೇಲಿಡಿ. ಅಲ್ಲಿ ಅಲುಗಾಡದಿದ್ದರೆ ತಪ್ಪು ಹಳಿಯದು. ಅಲುಗಾಡಿದರೆ, ಎದ್ದ ಗಾಲಿಯ ಕೆಳಗೆ ಸಾಮಾನ್ಯ ಕಾಗದದ ಚೂರುಗಳನ್ನು ಒಂದೊಂದಾಗಿ ತೂರಿಸಿ. ಒಂದು ಹಾಳೆ ಸುಮಾರು 0.1 ಮಿ.ಮೀ.; ಮೂರು ಹಿಡಿಸಿದರೆ ಅಂತರ 0.3 ಮಿ.ಮೀ. ಇನ್ನು, ಎದ್ದ ಗಾಲಿ ಇರುವ ಅದೇ ಆಕ್ಸಲ್‌ನ ಇನ್ನೊಂದು ತುದಿಗೆ ಬನ್ನಿ. ಅಲ್ಲಿ ಆಕ್ಸಲ್ ಕೂರುವ ತೂತಿನ ಮೇಲಂಚನ್ನು ಅಷ್ಟೇ ಕೆರೆಯಿರಿ. ತೂತಿಗೆ ಹಿತ್ತಾಳೆಯ ಪುಟ್ಟ ಬಟ್ಟಲು (ಬೇರಿಂಗ್) ಹಾಕಿದ್ದರೆ ಅದನ್ನು ತೆಗೆದು, ತೂತನ್ನು ಮೇಲಕ್ಕೆ ಹಿಗ್ಗಿಸಿ ಮತ್ತೆ ಕೂರಿಸಿ. ಎದ್ದ ಗಾಲಿಯ ತೂತನ್ನೇ ಕೆರೆದರೆ ಅಂತರ ಇನ್ನೂ ಹೆಚ್ಚುತ್ತದೆ, ಹಲವರು ಎಡವುವುದು ಇಲ್ಲೇ.

ಗಾಲಿಗಳ ಒಳಮೈಗಳ ನಡುವಿನ ಅಂತರವನ್ನೂ ನೋಡಿ. ಎರಡು ಹಳಿಗಳ ನಡುವೆ 16.5 ಮಿ.ಮೀ. ಇರುವ ದಾರಿಗೆ ಅದು 14.5 ಮಿ.ಮೀ. ಇರಬೇಕು. ಕಡಿಮೆಯಿದ್ದರೆ ಹಳಿ ಕವಲೊಡೆಯುವ ಕಡೆ ಗಾಲಿ ಏರುತ್ತದೆ.

ಮುಂದಿನ ಕಿಟ್‌ಗೆ ಅಂಟು ಹಚ್ಚುವ ಮೊದಲೇ ಎಚ್ಚರ ವಹಿಸಿ. 1:76 ಅಳತೆಯಲ್ಲಿ ಅಡಿಚೌಕಟ್ಟು 66 ಮಿ.ಮೀ. ಉದ್ದ, ಆಕ್ಸಲ್‌ನಿಂದ ಆಕ್ಸಲ್‌ಗೆ 36 ಮಿ.ಮೀ. ತಕ್ಷಣ ಹಿಡಿಯುವ ಅಂಟು ಬೇಡ, ತಿದ್ದಲು ಅದು ಬಿಡುವು ಕೊಡುವುದಿಲ್ಲ. ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ತೆಳು ಅಂಟನ್ನು ಕುಂಚದ ತುದಿಯಿಂದ ಸಂದಿಗೆ ಮುಟ್ಟಿಸಿ. ಗಾಲಿಗಳನ್ನು ಸಿಕ್ಕಿಸಿ, ನಾಲ್ಕೂ ಗಾಜಿಗೆ ತಾಗುವಂತೆ ಮೇಲೊಂದು ಭಾರವಿಟ್ಟು ರಾತ್ರಿಯಿಡೀ ಬಿಡಿ. ಗೋಡೆ ಜೋಡಿಸುವಾಗ ಬಡಗಿಯ ಮೂಲೆಮಟ್ಟ ಹಿಡಿಯಿರಿ. ಒಳಗೆ ಅಡ್ಡಕ್ಕೊಂದು ಪ್ಲಾಸ್ಟಿಕ್ ಪಟ್ಟಿ ಅಂಟಿಸದಿದ್ದರೆ ಉದ್ದದ ಗೋಡೆಗಳು ವಾರಗಳ ನಂತರ ಒಳಕ್ಕೆ ಬಾಗುತ್ತವೆ. ಬಾಗಿಲಿರುವ ತುದಿಯೂ ಅದಲುಬದಲಾಗದಿರಲಿ: ಪಕ್ಕದ ಬಿಳಿ ಓರೆಪಟ್ಟೆ ಯಾವ ಕಡೆಗೆ ಮೇಲೇರುತ್ತದೋ ಆ ಕಡೆಯ ಗೋಡೆಯೇ ಇದ್ದಲು ಸುರಿಯುವ ಬಾಗಿಲು.

ಖಾಲಿ ಕಿಟ್ ಹಗುರ. ಒಟ್ಟು ತೂಕ 50 ಗ್ರಾಂ ಆಗುವಂತೆ ಕಬ್ಬಿಣದ ನಟ್‌ಗಳನ್ನು ಇದ್ದಲಿನ ಕೆಳಗೆ ಹುದುಗಿಸಿ. ಸೀಸದ ಗುಂಡುಗಳನ್ನು ಮರಕ್ಕೆ ಹಚ್ಚುವ ಬಿಳಿ ಅಂಟಿನಲ್ಲಿ ಹಾಕಲೇಬೇಡಿ. ಅಂಟಿನ ಆಮ್ಲಕ್ಕೆ ಸೀಸ ಬಿಳಿ ಪುಡಿಯಾಗಿ ಉಬ್ಬಿ ಗೋಡೆಗಳನ್ನು ಒಡೆಯುತ್ತದೆ. ಬೆಳಗಾವಿಯ ಮಳೆಗಾಲದ ತೇವ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ.