ಕಾರು ಚೆನ್ನಾಗಿದೆ, ಡ್ರೈವರ್ ಕಾಲೆಲ್ಲಿ?

ನೋಟ್‌ಬುಕ್ಕಿನ ಕೊನೇ ಹಾಳೆಗಳ ತುಂಬ ಕಾರು ಬಿಡಿಸಿಕೊಂಡು, ಮುಂದೇನು ಓದಬೇಕೆಂದು ಕೇಳಲು ನನ್ನ ಹತ್ತಿರ ಬರುವ ಮಕ್ಕಳನ್ನು ಕಂಡರೆ ನನಗೆ ಖುಷಿ. ಜೊತೆಗೆ ಬರುವ ಅಪ್ಪ ಅಮ್ಮನ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ‘ಮೆಕ್ಯಾನಿಕಲ್ ಕೊಡಿಸೋದೋ, ಆಟೊಮೊಬೈಲ್ ಕೊಡಿಸೋದೋ?’ ಅದಕ್ಕೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಚಿತ್ರ ಬಿಡಿಸಿದವರ ಕಡೆ ತಿರುಗಿ, ‘ಚೆನ್ನಾಗಿದೆ. ಇದರಲ್ಲಿ ಡ್ರೈವರ್ ಕಾಲು ಎಲ್ಲಿ ಬರುತ್ತೆ?’ ಅಂತ ಕೇಳುತ್ತೇನೆ.

ಹೆಚ್ಚಿನವರು ಅದನ್ನು ಯೋಚಿಸಿಯೇ ಇರುವುದಿಲ್ಲ. ಅದೇನೂ ತಪ್ಪಲ್ಲ. ನಾನು ನೋಡುವುದು ಆಮೇಲಿನ ಅರ್ಧ ನಿಮಿಷವನ್ನು. ಕೆಲವರು ಪೆನ್ಸಿಲ್ ಎತ್ತಿಕೊಂಡು ಮುಂದಿನ ಚಕ್ರದ ಹಿಂದೆ ಒಂದು ಬೂಟು ಗೀಚುತ್ತಾರೆ, ಅದು ಚಕ್ರಕ್ಕೆ ತಾಗುತ್ತಿದೆ ಎಂದು ಗೊತ್ತಾದ ಕೂಡಲೇ ಚಕ್ರವನ್ನೇ ಮುಂದಕ್ಕೆ ತಳ್ಳುತ್ತಾರೆ. ಇನ್ನು ಕೆಲವರ ಮುಖ ಸಣ್ಣಗಾಗುತ್ತದೆ: ಒಂದು ಕಾಲಿಗೋಸ್ಕರ ಇಷ್ಟು ಚಂದದ ಗೆರೆ ಕೆಡಿಸಬೇಕಾ? ಈ ಕಸುಬಿನಲ್ಲಿ ಇಬ್ಬರಿಗೂ ಜಾಗವಿದೆ. ಹೋಗಬೇಕಾದ ಕಾಲೇಜು ಮಾತ್ರ ಬೇರೆ ಬೇರೆ.

ಗೊಂದಲಕ್ಕೆ ಕಾರಣ ‘ಡಿಸೈನ್’ ಅನ್ನುವ ಮಾತೇ. ಕಾರಿನ ಮೈಯ ತಿರುವು, ದೀಪದ ನೋಟ, ಸೀಟಿನ ಬಟ್ಟೆ ನಿರ್ಧರಿಸುವವರೂ ಡಿಸೈನರ್; ಚಕ್ರವನ್ನು ಹಿಡಿದು ರಸ್ತೆಯ ಕುಲುಕಾಟ ನುಂಗುವ ಸಸ್ಪೆನ್ಷನ್ನಿನ ತೋಳು ಎಷ್ಟು ದಪ್ಪ ಇರಬೇಕೆಂದು ಲೆಕ್ಕ ಹಾಕುವವರೂ ಡಿಸೈನ್ ಎಂಜಿನಿಯರ್. ಒಬ್ಬರು ಸ್ಟುಡಿಯೊದಲ್ಲಿ ನಿಜ ಗಾತ್ರದ ಕ್ಲೇ ಮಾದರಿಯ ಸುತ್ತ ಬೆಳಕು ಹರಿಯುವುದನ್ನು ನೋಡುತ್ತ ನಿಂತರೆ, ಇನ್ನೊಬ್ಬರು ಪರದೆಯ ಮುಂದೆ ಒಂದು ಬ್ರ್ಯಾಕೆಟ್ಟಿನ (ಬೇರೆ ಭಾಗವನ್ನು ಹಿಡಿದಿಡುವ ತುಂಡು) ಯಾವ ಮೂಲೆ ಹೆಚ್ಚು ಒತ್ತಡ ಬಿದ್ದು ಕೆಂಪಗಾಗುತ್ತಿದೆ ಎಂದು ಹುಡುಕುತ್ತಿರುತ್ತಾರೆ. 1955ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ ಜನ ಬಾಯಿಬಿಟ್ಟು ನೋಡಿದ ಸಿಟ್ರೊಯೆನ್ ಡಿಎಸ್ ಕಾರನ್ನೇ ತೆಗೆದುಕೊಳ್ಳಿ. ಅದರ ಮೈ ರೂಪಿಸಿದ ಫ್ಲಾಮಿನಿಯೊ ಬೆರ್ಟೋನಿ ಶಿಲ್ಪಿ. ಒಟ್ಟು ಎಂಜಿನಿಯರಿಂಗ್ ಹೊತ್ತ ಆಂದ್ರೆ ಲೆಫೆಬ್ರ್ ವಿಮಾನದ ಕಡೆಯಿಂದ ಬಂದವರು. ಎಣ್ಣೆ ಮತ್ತು ಗ್ಯಾಸಿನ ಒತ್ತಡದ ಮೇಲೆ ತೇಲುವ ಅದರ ಸಸ್ಪೆನ್ಷನ್ ಪಾಲ್ ಮಾಜೆಸ್ ಅವರ ಕೂಸು. ಅವರು ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. (ಇವತ್ತಾಗಿದ್ದರೆ ಅವರ ಅರ್ಜಿಯನ್ನು ಕಂಪ್ಯೂಟರೇ ಪಕ್ಕಕ್ಕೆ ಸರಿಸಿಬಿಡುತ್ತಿತ್ತು.)

ಕಾಲಿನ ಪ್ರಶ್ನೆಗೆ ಮುಖ ಸಣ್ಣಗಾದವರಿಗೆ ಮೊದಲು ಹೇಳಿಬಿಡುತ್ತೇನೆ: ನಿಮಗೆ ಬೇಕಿರುವುದು ಎಂಜಿನಿಯರಿಂಗ್ ಅಲ್ಲದೆಯೂ ಇರಬಹುದು. ಟ್ರಾನ್ಸ್‌ಪೋರ್ಟೇಷನ್ ಡಿಸೈನ್ ಎಂಬ ಪದವಿಯೇ ಇದೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಕ್ಯಾಲಿಫೋರ್ನಿಯಾದ ಆರ್ಟ್ ಸೆಂಟರ್, ಇಂಗ್ಲೆಂಡಿನ ಕೊವೆಂಟ್ರಿ ವಿಶ್ವವಿದ್ಯಾಲಯ ಈ ಹಾದಿಯಲ್ಲಿ ಹೆಸರು ಮಾಡಿವೆ. ಅಲ್ಲಿ ಅಂಕಪಟ್ಟಿಗಿಂತ ಮೊದಲು ಕೇಳುವುದು ನಿಮ್ಮ ಪೋರ್ಟ್‌ಫೋಲಿಯೊ, ಅಂದರೆ ನೀವೇ ಬಿಡಿಸಿದ ಕೆಲಸಗಳ ಕಡತ. ‘ಭದ್ರತೆಗೆ ಒಂದು ಎಂಜಿನಿಯರಿಂಗ್ ಇರಲಿ, ಆಮೇಲೆ ಡಿಸೈನ್ ಮಾಡಿಕೊಳ್ಳಲಿ’ ಎನ್ನುವ ಹಿರಿಯರಿದ್ದಾರೆ. ಹಾಗೆ ದಾಟಿದವರೂ ಇದ್ದಾರೆ, ಇಲ್ಲವೆನ್ನಲಾರೆ. ಆದರೆ ದಿನಾ ಗೆರೆ ಎಳೆಯದ ಕೈ ನಾಲ್ಕು ವರ್ಷದಲ್ಲಿ ತುಕ್ಕು ಹಿಡಿಯುತ್ತದೆ.

ಈಗ ಚಕ್ರ ಸರಿಸಿದವರ ವಿಷಯ. ಅವರಿಗೆ ನಾನು ಇಡೀ ಕಾರು ತೋರಿಸುವುದಿಲ್ಲ, ಒಂದು ಬಾಗಿಲು ತೋರಿಸುತ್ತೇನೆ.

ಬಾಗಿಲಿನ ಗಾಜು ಕೆಳಗಿಳಿಯಬೇಕು. ಕಾರಿನ ಮುಂದೆ ನಿಂತು ನೋಡಿದರೆ ಆ ಗಾಜು ಚಪ್ಪಟೆಯಲ್ಲ, ಹೊರಕ್ಕೆ ಸ್ವಲ್ಪ ಬಾಗಿದೆ. ಬಾಗಿದ ಕತ್ತಿ ಒರೆಯೊಳಗೆ ಸಲೀಸಾಗಿ ಇಳಿಯಬೇಕಾದರೆ ಅದರ ಬಾಗು ಉದ್ದಕ್ಕೂ ಒಂದೇ ಸಮ ಇರಬೇಕಲ್ಲವೆ? ಗಾಜಿಗೂ ಅದೇ ನಿಯಮ. ಸ್ಟುಡಿಯೊದವರು ಮೇಲೊಂದು ಕೆಳಗೊಂದು ಬಾಗು ಕೊಟ್ಟು ಅದ್ಭುತವಾದ ಕಿಟಕಿ ಬಿಡಿಸಿದರೆ, ಆ ಗಾಜು ಅರ್ಧ ಇಳಿದು ನಿಲ್ಲುತ್ತದೆ, ಇಲ್ಲವೇ ರಬ್ಬರನ್ನು ಹರಿಯುತ್ತದೆ. ಇನ್ನು ಹಿಂಜು, ಅಂದರೆ ಬಾಗಿಲು ತಿರುಗುವ ಕೀಲು. ಎರಡು ಹಿಂಜಿನ ಪಿನ್ನುಗಳೂ ಒಂದೇ ನೇರ ಗೆರೆಯ ಮೇಲೆ ಕೂರಲೇಬೇಕು, ಇಲ್ಲದಿದ್ದರೆ ಬಾಗಿಲು ತೆರೆಯುವುದೇ ಇಲ್ಲ. ಕಾರಿನ ಪಕ್ಕ ಎಷ್ಟು ಉಬ್ಬಿದೆಯೋ ಆ ಗೆರೆಗೆ ಜಾಗ ಹುಡುಕುವುದು ಅಷ್ಟು ಕಷ್ಟ. ಹೊರಗಿನ ತಗಡು ಒಂದು ಮಿಲಿಮೀಟರಿಗಿಂತ ತೆಳು. ಪ್ರೆಸ್ಸಿನಲ್ಲಿ ಒತ್ತುವಾಗ ಅದು ಹರಿಯಬಾರದು, ಸುಕ್ಕಾಗಲೂಬಾರದು. ಒಳಗೆ ಪಕ್ಕದ ಡಿಕ್ಕಿ ತಡೆಯಲು ಅಡ್ಡಕ್ಕೆ ಒಂದು ಉಕ್ಕಿನ ತೊಲೆ. ಅದರ ಸಂದಿಯಲ್ಲೇ ಮೋಟರು, ಸ್ಪೀಕರು. ವೈರುಗಳು ಹಿಂಜಿನ ಪಕ್ಕದಲ್ಲಿ ಹಾದು, ಬಾಗಿಲು ತೆರೆದಾಗಲೆಲ್ಲ ಮಡಚಿ ಬಿಚ್ಚಿಕೊಳ್ಳುತ್ತವೆ. ಮಗುವಿನ ಬೆರಳು ಸಿಕ್ಕಿದರೆ ಗಾಜು ತಾನಾಗಿ ಹಿಂದಿರುಗಬೇಕು, ಹಾಗಂತ ಚಳಿಯಲ್ಲಿ ಬಿಗಿಯಾದ ರಬ್ಬರನ್ನು ಬೆರಳೆಂದು ತಿಳಿದು ವಾಪಸಾಗಬಾರದು. ಇಷ್ಟೆಲ್ಲ ಆದ ಮೇಲೆ ಮುಚ್ಚುವಾಗ ‘ಧಪ್’ ಎನ್ನುವ ಸದ್ದು ಬರಬೇಕು, ಡಬ್ಬದ ಸದ್ದು ಬಂದರೆ ಗಿರಾಕಿ ಶೋರೂಮಿನಲ್ಲೇ ಮೂಗು ಮುರಿಯುತ್ತಾನೆ.

ಈ ಪಟ್ಟಿಯಲ್ಲಿ ನಿಮ್ಮ ಕಣ್ಣು ಎಲ್ಲಿ ನಿಂತಿತು ಎನ್ನುವುದೇ ಪದವಿಯ ಆಯ್ಕೆಗೆ ಒಳ್ಳೆಯ ಸುಳಿವು. ಗಾಜಿನ ಚಲನೆ, ಹಿಂಜು, ತೊಲೆ, ಸದ್ದು ಎಲ್ಲವೂ ಮೆಕ್ಯಾನಿಕಲ್ ಪಾಠಗಳು: ಮೆಕ್ಯಾನಿಸಂ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ವೈಬ್ರೇಷನ್. ತಗಡು ಹರಿಯುವ ಮಾತು ಹಿಡಿಸಿದವರು ಮೆಟೀರಿಯಲ್ಸ್ ಅಥವಾ ಪ್ರೊಡಕ್ಷನ್ ಕಡೆ ನೋಡಬಹುದು. ಬೆರಳೋ ರಬ್ಬರೋ ಎಂದು ಗುರುತಿಸುವ ಕೆಲಸ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಓದಿದವರದು. 1986ರಲ್ಲಿ ಬಾಷ್ ಕಂಪನಿ ಕ್ಯಾನ್ ಬಸ್ ಎಂಬ ಸಂಪರ್ಕ ವ್ಯವಸ್ಥೆಯನ್ನು ಹೊರತಂದಿತು. ಆಮೇಲೆ ಕಾರಿನೊಳಗಿನ ಚಿಕ್ಕ ಚಿಕ್ಕ ಕಂಪ್ಯೂಟರುಗಳು ಎರಡೇ ತಂತಿಯ ಮೇಲೆ ಮಾತಾಡಿಕೊಳ್ಳುವುದು ಮಾಮೂಲಾಯಿತು. ಈಗಂತೂ ಎಲೆಕ್ಟ್ರಾನಿಕ್ಸ್ ಓದಿದವರಿಲ್ಲದೆ ಕಾರು ಕಾರ್ಖಾನೆ ದಾಟುವುದು ಕಷ್ಟ.

ಹಾಗಾದರೆ ಅಪ್ಪ ಅಮ್ಮ ಕೇಳಿದ ಪ್ರಶ್ನೆ? ನನ್ನ ಒಲವು ಮೆಕ್ಯಾನಿಕಲ್ ಕಡೆಗೆ, ಮುಚ್ಚಿಡುವುದಿಲ್ಲ. ಹದಿನೇಳು ಹದಿನೆಂಟರ ವಯಸ್ಸಿಗೆ ಕಾರಿನ ಯಾವ ಭಾಗ ತನ್ನದು ಎಂದು ಗೊತ್ತಾಗುವುದು ಕಷ್ಟ. ಮೆಕ್ಯಾನಿಕಲ್ ಓದಿದರೆ ಆ ತೀರ್ಮಾನವನ್ನು ಎರಡು ಮೂರು ವರ್ಷ ಮುಂದೂಡಬಹುದು. ವಾಹನ ಉದ್ಯಮ ಸೊರಗಿದಾಗ ಬೇರೆ ಬಾಗಿಲು ತಟ್ಟಲೂ ಸುಲಭ. ಆದರೆ ಪದವಿಯ ಹೆಸರಿಗಿಂತ ಪಠ್ಯಕ್ರಮವನ್ನು ಓದಿ. ವೆಹಿಕಲ್ ಡೈನಾಮಿಕ್ಸ್, ಫೈನೈಟ್ ಎಲಿಮೆಂಟ್ (ಭಾಗದ ಮೇಲೆ ಬೀಳುವ ಒತ್ತಡವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು), ವೈಬ್ರೇಷನ್, ಕಂಟ್ರೋಲ್ ಇವಿಷ್ಟೂ ಗಟ್ಟಿಯಾಗಿರುವ ಆಟೊಮೊಬೈಲ್ ಪದವಿ ಸಿಕ್ಕರೆ ಹಿಂದೆಮುಂದೆ ನೋಡದೆ ಸೇರಿಕೊಳ್ಳಿ. ಹಳೇ ಎಂಜಿನ್ನುಗಳಲ್ಲಿ ಪೆಟ್ರೋಲು ಗಾಳಿ ಬೆರೆಸುತ್ತಿದ್ದ ಕಾರ್ಬ್ಯುರೇಟರಿಗೆ ಒಂದು ಅಧ್ಯಾಯ, ಬ್ಯಾಟರಿಗೆ ಒಂದು ಪುಟ ಇರುವ ಪಠ್ಯಕ್ರಮವಾದರೆ ನಮಸ್ಕಾರ ಹೇಳಿ ಬನ್ನಿ.

ಬೇರೆ ಪದವಿಯಲ್ಲಿ ಸೀಟು ಸಿಕ್ಕಿತೆಂದು ಅಳುವವರಿಗೆ ಕಾರಿನ ಚರಿತ್ರೆಯೇ ಸಮಾಧಾನ. ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್, ಕಟ್ಟಡ ಸೇತುವೆಗಳ ವಿದ್ಯೆ. ಅವರ 1962ರ ಲೋಟಸ್ 25 ರೇಸ್ ಕಾರು ಕೊಳವೆಗಳ ಚೌಕಟ್ಟನ್ನು ಬಿಟ್ಟು, ಮೈಯ ತಗಡೇ ಭಾರ ಹೊರುವ ಮೊನೊಕಾಕ್‌ ದಾರಿ ಹಿಡಿಯಿತು. ಫಾರ್ಮುಲಾ ಒನ್ ರೇಸ್ ಕಾರುಗಳ ಡಿಸೈನರ್ ಏಡ್ರಿಯನ್ ನ್ಯೂಯಿ ಸೌತಾಂಪ್ಟನ್ನಿನಲ್ಲಿ ಓದಿದ್ದು ಏರೋನಾಟಿಕ್ಸ್. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಆದ್ದರಿಂದ ವಿಮಾನ ಓದಿದವರಿಗೆ ಕಾರಿನಲ್ಲಿ ಕೆಲಸಕ್ಕೆ ಬರವಿಲ್ಲ.

ಮೆಕ್ಯಾನಿಕಲ್ ಓದಿದ ಕಾರು ಡಿಸೈನರ್ ಗಾರ್ಡನ್ ಮರ್ರಿಯವರ ಉದಾಹರಣೆ ನನಗೆ ಎಲ್ಲಕ್ಕಿಂತ ಇಷ್ಟ, ಅದು ಕಾಲಿನ ವಿಷಯ ಕೂಡ. 1992ರಲ್ಲಿ ಹೊರಬಂದ ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ಅವರು ಡ್ರೈವರನ್ನು ನಟ್ಟನಡುವೆ ಕೂರಿಸಿ, ಇಬ್ಬರನ್ನು ಅಕ್ಕಪಕ್ಕ ತುಸು ಹಿಂದಕ್ಕೆ ಇಟ್ಟರು. ಮಧ್ಯಕ್ಕೆ ಬಂದ ಮೇಲೆ ಮುಂದಿನ ಚಕ್ರದ ಕಮಾನು ಪೆಡಲುಗಳನ್ನು ಪಕ್ಕಕ್ಕೆ ತಳ್ಳುವ ಕಾಟವೇ ಇಲ್ಲ. ವಿದ್ಯುತ್ ಕಾರು ಬಂದ ಮೇಲೆ ಕಾಲು ಇನ್ನೊಂದು ಬಗೆಯಲ್ಲಿ ತಕರಾರು ತೆಗೆದಿದೆ. ಬ್ಯಾಟರಿ ನೆಲದಡಿ ಮಲಗಿದರೆ ನೆಲ ಏರುತ್ತದೆ, ನೆಲ ಏರಿದರೆ ಮೊಣಕಾಲು ಎದೆಗೆ ಬರುತ್ತದೆ, ಅದು ಬೇಡವೆಂದರೆ ಚಾವಣಿ ಎತ್ತಬೇಕು, ಚಾವಣಿ ಎತ್ತಿದರೆ ಗಾಳಿ ಹೆಚ್ಚು ತಡೆಯುತ್ತದೆ. 2019ರ ಪೋರ್ಷೆ ಟೈಕಾನ್‌ನಲ್ಲಿ ಹಿಂದಿನ ಪ್ರಯಾಣಿಕರ ಪಾದದ ಜಾಗದಲ್ಲಿ ಬ್ಯಾಟರಿಯನ್ನೇ ಬಿಟ್ಟು ತಗ್ಗು ಮಾಡಿದರು. ‘ಫುಟ್ ಗರಾಜ್’ ಅಂತ ಅದಕ್ಕೆ ಹೆಸರು. ಪಾದಕ್ಕೂ ಪಾರ್ಕಿಂಗ್!

ಕಾಲೇಜು ನೋಡಲು ಹೋದಾಗ ಸಂಜೆ ಆರರ ಮೇಲೆ ವರ್ಕ್‌ಶಾಪ್ ಕಡೆ ಒಂದು ಸುತ್ತು ಹಾಕಿ. ಬೀಗ ಬಿದ್ದಿದೆಯೋ, ಒಳಗೆ ಯಾರೋ ಗ್ರೈಂಡರ್ ಹಿಡಿದು ಕಿಡಿ ಹಾರಿಸುತ್ತಿದ್ದಾರೋ ನೋಡಿ. ಫಾರ್ಮುಲಾ ಎಸ್‌ಎಇ ಎಂಬ ವಿದ್ಯಾರ್ಥಿಗಳ ಸ್ಪರ್ಧೆ 1981ರಿಂದ ನಡೆಯುತ್ತಿದೆ. ಒಬ್ಬರು ಕೂರುವ ಪುಟ್ಟ ರೇಸ್ ಕಾರನ್ನು ತಾವೇ ವಿನ್ಯಾಸ ಮಾಡಿ ಕಟ್ಟಿ ಓಡಿಸಬೇಕು. 1000 ಅಂಕದಲ್ಲಿ 150 ಅಂಕ ಡಿಸೈನ್ ಸಂದರ್ಶನಕ್ಕೇ. ಹೀಗೇಕೆ ಮಾಡಿದೆ ಎಂದು ತೀರ್ಪುಗಾರರು ಬೆನ್ನು ಹತ್ತುತ್ತಾರೆ. ಓಡಿಸುವ ಮುಂಚೆ ತಪಾಸಣೆ. ಅದರಲ್ಲಿ 350 ಮಿಲಿಮೀಟರ್ ಅಗಲದ ಒಂದು ಅಳತೆ ಹಲಗೆ ಡ್ರೈವರ್ ಕೂರುವ ಕಾಕ್‌ಪಿಟ್ಟಿನ ಬಾಯಿಂದ ಒಳಹೊಕ್ಕು ಪೆಡಲಿನ ಹತ್ತಿರದವರೆಗೆ ಹೋಗಲೇಬೇಕು. ಡ್ರೈವರ್ ಐದು ಸೆಕೆಂಡಿನೊಳಗೆ ಹೊರಗೆ ಬರಬೇಕಲ್ಲ, ಅದಕ್ಕೆ.

ನಮ್ಮ ಕಾಲೇಜು ತಂಡದ ಕಾರಿನಲ್ಲಿ ಆ ಹಲಗೆ ಮುಕ್ಕಾಲು ಹೋಗಿ ನಿಂತುಬಿಟ್ಟಿತು. ಚಕ್ರಗಳನ್ನು ತಿರುಗಿಸುವ ಸ್ಟೀರಿಂಗ್ ರ್ಯಾಕ್ ಹಿಡಿದಿದ್ದ ಬ್ರ್ಯಾಕೆಟ್ಟಿನ ಎರಡು ಬೋಲ್ಟು ಅಡ್ಡ. ಬ್ರ್ಯಾಕೆಟ್ ನನ್ನದು. ಕಂಪ್ಯೂಟರಿನಲ್ಲಿ ಜಾಗ ಅಳೆಯುವಾಗ ಬ್ರ್ಯಾಕೆಟ್ ಇತ್ತು, ಬೋಲ್ಟಿನ ತಲೆ ಹಾಕಿರಲಿಲ್ಲ. ಗೆಳೆಯರು ಬೈಯಲೂ ಇಲ್ಲ, ಸುಮ್ಮನೆ ಗ್ರೈಂಡರ್ ತಂದು ನನ್ನ ಕೈಗೆ ಕೊಟ್ಟರು. ಹಲಗೆ ಒಳಗೆ ಹೋಗುವಷ್ಟರಲ್ಲಿ ಆಕ್ಸಿಲರೇಷನ್ ಸ್ಪರ್ಧೆ ಮುಗಿದಿತ್ತು.