ಓದುಗರ ಪ್ರಶ್ನೆ: ಇಷ್ಟು ಸಲ ಸೋತರೂ ಈ ಆಟ ಯಾಕೆ ತಿಳೀತಿಲ್ಲ?

ಯಾದಗಿರಿಯ ಓದುಗರೊಬ್ಬರು ಕೇಳಿದ್ದಾರೆ: "ಅಣ್ಣಾ, ಯುರೋಪಾ ಯೂನಿವರ್ಸಾಲಿಸ್ 4 ಆಡ್ಲಿಕ್ಕೆ ಹತ್ತಿ ಎರಡು ತಿಂಗಳಾತು. ಬಹಮನಿ ತಗೊಂಡೀನಿ. ಪ್ರತಿ ಸಲ ಇಪ್ಪತ್ತು ಮೂವತ್ತು ವರ್ಷದಾಗ ರಾಜ್ಯ ಮುಳುಗ್ತದ. ಯಾರನ್ನ ಕೇಳಿದ್ರೂ 'ಸೋತು ಸೋತು ಕಲಿ' ಅಂತಾರ. ಸೋತರ ಖರೇನೇ ಕಲೀತೀವೇನು? ಇಲ್ಲಾ ಮೊದಲು ವಿಡಿಯೋ ಎಲ್ಲಾ ನೋಡಿ ಆಮ್ಯಾಲೆ ಆಡಬೇಕೇನು?"

ಈ ಪ್ರಶ್ನೆ ನನಗೆ ತುಂಬಾ ಸಲ ಬರುತ್ತದೆ. ಕಷ್ಟದ ಆಟ ಯಾವುದೇ ಇರಲಿ, ಕೇಳುವುದು ಇದನ್ನೇ. ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ಸುಮ್ನೆ ಸೋಲುತ್ತಾ ಹೋದರೆ ಏನೂ ಬರೋದಿಲ್ಲ. ಒಂದೇ ತಪ್ಪನ್ನು ಹತ್ತು ಸಲ ಮಾಡಿ ಹತ್ತು ಸಲ ಸೋಲಬಹುದು, ನಾನೇ ಹಾಗೆ ಸೋತಿದ್ದೇನೆ. ಏನು ಮಾಡುತ್ತಿದ್ದೇನೆ, ಅದರಿಂದ ಏನಾಗಬೇಕು ಅಂತ ಮೊದಲೇ ಒಂದು ಸಾಲು ಬರೆದಿಟ್ಟುಕೊಂಡು ಸೋತರೆ ಮಾತ್ರ ಆ ಸೋಲು ಕೈಗೆ ಸಿಗುತ್ತದೆ. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಸ್ವೀಡನ್ನಿನ ಪ್ಯಾರಾಡಾಕ್ಸ್ ಕಂಪನಿ 2013ರ ಆಗಸ್ಟ್‌ನಲ್ಲಿ ತಂದ ಕಂಪ್ಯೂಟರ್ ಆಟ ಇದು. ಶುರುವಾಗುವುದು 1444ರ ನವೆಂಬರ್ 11ಕ್ಕೆ, ಮುಗಿಯುವುದು 1821ಕ್ಕೆ. ನವೆಂಬರ್ 11 ಯಾಕೆ ಅಂದರೆ, ಅದರ ಹಿಂದಿನ ದಿನ ಈಗಿನ ಬಲ್ಗೇರಿಯಾದ ವಾರ್ನಾದಲ್ಲಿ ಆಟೋಮನ್ ತುರ್ಕರ ದೊಡ್ಡ ಯುದ್ಧ ಮುಗಿದಿತ್ತು. ಭೂಪಟದಲ್ಲಿ ಯಾವ ರಾಜ್ಯ ಬೇಕಾದರೂ ಆರಿಸಿಕೊಳ್ಳಬಹುದು. ಚದುರಂಗದ ಹಾಗೆ ಒಬ್ಬರಾದ ಮೇಲೆ ಒಬ್ಬರು ನಡೆಸುವ ಆಟ ಅಲ್ಲ. ಗಡಿಯಾರದ ಹಾಗೆ ದಿನ ಓಡುತ್ತಲೇ ಇರುತ್ತದೆ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ.

ನಮ್ಮ ಕಡೆಯ ಹುಡುಗರು ಬಹಮನಿಯನ್ನೇ ಆರಿಸಿಕೊಳ್ಳುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ರಾಜ್ಯ 1347ರಲ್ಲಿ ಹುಟ್ಟಿತು, ನಮ್ಮ ಕಲಬುರಗಿ ಅದರ ರಾಜಧಾನಿಯಾಯಿತು. ಆಮೇಲೆ ಅಹ್ಮದ್ ಶಾ ವಲಿ ರಾಜಧಾನಿಯನ್ನು ಬೀದರಿಗೆ ಒಯ್ದ. ಆಟ ತೆರೆದ ದಿನ ಬೀದರ್ ನಿಮ್ಮ ಕೈಯಲ್ಲಿರುತ್ತದೆ. ತೆಂಕಣಕ್ಕೆ ವಿಜಯನಗರ, ಅಲ್ಲಿ ಆಗ ಎರಡನೇ ದೇವರಾಯನ ಕಾಲ. ನಿಜವಾದ ಇತಿಹಾಸದಲ್ಲೂ ಬರೀ ಒಂದು ವರ್ಷದ ಹಿಂದೆ, 1443ರಲ್ಲಿ, ರಾಯಚೂರು ಮುದಗಲ್ಲಿನ ನೆಲಕ್ಕಾಗಿ ಇವರಿಬ್ಬರೂ ಹೊಡೆದಾಡಿದ್ದರು. ಶಾಲೆಯ ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತಿದ್ದ ರಾಜ್ಯದ ಖಜಾನೆ ನಮ್ಮ ಕೈಗೆ ಬರುತ್ತದೆ. ಮೊದಲ ಸಲ ಆ ಭೂಪಟದಲ್ಲಿ ಬೀದರಿನ ಹೆಸರು ಓದಿದಾಗ ನಾನು ಆಟ ನಿಲ್ಲಿಸಿ ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಆದರೆ ಒಂದು ಮಾತು ತಿಳಿದಿರಲಿ. ಕಲಿಯುವವರಿಗೆ ಬಹಮನಿ ಹಗುರದ ರಾಜ್ಯ ಅಲ್ಲ. ವಿಜಯನಗರ, ಒರಿಸ್ಸಾ, ಗುಜರಾತ್, ಮಾಳ್ವಾ, ಹೀಗೆ ಸುತ್ತಲೂ ನೆರೆಯವರು. ಆಳುವ ಮನೆತನದ ಧರ್ಮ ಒಂದು, ಹೆಚ್ಚಿನ ಜನರ ಧರ್ಮ ಇನ್ನೊಂದು. ಹಾಗಾಗಿ ಒಳಗಿನ ದಂಗೆಯ ಕಡೆಗೂ ಒಂದು ಕಣ್ಣಿರಬೇಕು. ಅದಕ್ಕೇ ನೀವು ಇಪ್ಪತ್ತು ವರ್ಷಕ್ಕೆ ಮುಳುಗಿದರೆ ಅದರಲ್ಲಿ ಆಶ್ಚರ್ಯ ಇಲ್ಲ. ರಾಜ್ಯ ಬದಲಿಸಿ ಅಂತ ನಾನು ಹೇಳೋದಿಲ್ಲ. ಇಷ್ಟಪಟ್ಟ ರಾಜ್ಯ ಆದರೆ ಆರನೇ ಸಲವೂ ಕೂರುವ ಮನಸ್ಸಾಗುತ್ತದೆ, ಈ ಆಟಕ್ಕೆ ಅದು ಬೇಕು.

ಈಗ ನನ್ನದೇ ಒಂದು ಸೋಲನ್ನು ಹತ್ತಿರದಿಂದ ತೋರಿಸುತ್ತೇನೆ.

ಆಟದ 1447ನೇ ವರ್ಷ. ನನ್ನ ಸೇನೆ 18 ಸಾವಿರ, ಎದುರಿಗೆ ವಿಜಯನಗರದ 12 ಸಾವಿರ. ಲೆಕ್ಕ ನನ್ನ ಕಡೆಗೇ ಇತ್ತು. ಯುದ್ಧ ಶುರುವಾಯಿತು, ನೋಡನೋಡುತ್ತಲೇ ನನ್ನವರು ಓಡಿದರು. ಈ ಆಟದ ಯುದ್ಧದಲ್ಲಿ ಒಂದು ದಾಳ ಇರುತ್ತದೆ, 0ಯಿಂದ 9ರವರೆಗೆ ಏನಾದರೂ ಬೀಳಬಹುದು. ದಾಳ ಕೆಟ್ಟಿತು ಅಂದುಕೊಂಡೆ. ಯುದ್ಧಕ್ಕೆ ಮುಂಚೆ ಸೇವ್ ಮಾಡಿಟ್ಟಿದ್ದೆ, ಅದನ್ನೇ ತೆರೆದು ಮತ್ತೆ ಹೋದೆ. ಸೋತೆ. ಒಟ್ಟು ನಾಲ್ಕು ಸಲ ಹೋದೆ, ನಾಲ್ಕೂ ಸಲ ಸೋತೆ.

ಇಲ್ಲಿ ನನಗೆ ಮೊದಲ ಸಲ ತಲೆ ಓಡಿತು. ದಾಳ ಒಂದು ಸಲ ಕೈ ಕೊಡಬಹುದು, ಎರಡು ಸಲ ಕೊಡಬಹುದು. ನಾಲ್ಕೂ ಸಲ ಅದೇ ಆದರೆ ತಪ್ಪು ಬೇರೆ ಕಡೆ ಇದೆ. ಒಂದು ಸಲದ ಫಲ ನೋಡಿ ಏನನ್ನೂ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ. ಗೆದ್ದಾಗಲೂ ಅಷ್ಟೇ. ಒಮ್ಮೆ ಗೆದ್ದ ಉಪಾಯ ದಾಳದ ಕೃಪೆಯೂ ಆಗಿರಬಹುದು.

ಆಮೇಲೆ ಒಂದೊಂದನ್ನೇ ಬದಲಿಸುತ್ತಾ ಬಂದೆ. ನದಿ ದಾಟಿ ದಾಳಿ ಮಾಡಿದರೆ ದಾಳದಲ್ಲಿ 1 ಕಡಿಮೆಯಾಗುತ್ತದೆ, ಬೆಟ್ಟದ ನೆಲವಾದರೆ ಇನ್ನೂ ಜಾಸ್ತಿ ಪೆಟ್ಟು. ಹಾಗಂತ ನದಿ ದಾಟದೆ ಅವರೇ ಬರಲಿ ಅಂತ ಕಾದೆ. ಸೋತೆ. ಸೇನಾಪತಿಯನ್ನು ಬದಲಿಸಿದೆ. ಸೋತೆ, ಆದರೆ ಸ್ವಲ್ಪ ತಡವಾಗಿ. ಮೂರನೇ ದಿನ ರಾತ್ರಿ ಕರೆಂಟ್ ಹೋಗಿ ಬಂದಿತ್ತು, ಲ್ಯಾಪ್‌ಟಾಪ್ ಮತ್ತೆ ಶುರು ಮಾಡಿ ಸುಮ್ನೆ ಆಟ ನಿಲ್ಲಿಸಿಕೊಂಡು ಪರದೆ ನೋಡುತ್ತಿದ್ದೆ. ಸೇನೆಯ ಚಿಹ್ನೆಯ ಪಕ್ಕ ಒಂದು ಸಣ್ಣ ಹಸಿರು ಪಟ್ಟಿ ಇರುತ್ತದೆ. ವಿಜಯನಗರದವರ ಪಟ್ಟಿ ತುಂಬಿತ್ತು. ನನ್ನ ಪಟ್ಟಿ ತಳದಲ್ಲಿತ್ತು. ಅದು ಮೊರಾಲ್, ಸೈನಿಕರ ಎದೆಗಾರಿಕೆ.

ಯಾಕೆ ಖಾಲಿ? ಎರಡು ವರ್ಷದ ಹಿಂದೆ ಶಾಂತಿ ಇದ್ದಾಗ ದುಡ್ಡು ಉಳಿಸೋಣ ಅಂತ ಸೇನೆಯ ಖರ್ಚಿನ ಸ್ಲೈಡರನ್ನು ಕೆಳಗೆ ಎಳೆದಿದ್ದೆ. ಆಮೇಲೆ ಮರೆತೇಬಿಟ್ಟೆ. ಸ್ಲೈಡರ್ ಮೇಲೆ ಎಳೆದೆ, ಪಟ್ಟಿ ತುಂಬುವವರೆಗೆ ಕೆಲವು ತಿಂಗಳು ಕಾದೆ. ಅದೇ ಸೇನೆ, ಅದೇ ನೆಲ, ಹಳೆಯ ಸೇನಾಪತಿಯೇ. ಗೆದ್ದೆ. ಮತ್ತೆ ಎರಡು ಸಲ ಆಡಿ ನೋಡಿದೆ, ಎರಡೂ ಸಲ ಗೆದ್ದೆ.

ನೆಲ, ಸೇನಾಪತಿ, ಸ್ಲೈಡರ್ ಮೂರನ್ನೂ ಒಟ್ಟಿಗೆ ಬದಲಿಸಿದ್ದರೆ ಆ ದಿನವೇ ಗೆಲ್ಲುತ್ತಿದ್ದೆ. ಯಾಕೆ ಗೆದ್ದೆ ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ. ಒಳ್ಳೆ ಸೇನಾಪತಿಯಿಂದ ಗೆದ್ದೆ ಅಂದುಕೊಂಡು ಮುಂದಿನ ಯುದ್ಧಕ್ಕೆ ಮತ್ತೆ ಖಾಲಿ ಪಟ್ಟಿ ಹಿಡಿದು ಹೋಗುತ್ತಿದ್ದೆ.

ಇದು ಬೇಗ ಗೊತ್ತಾಗುವ ತಪ್ಪು. ಯುದ್ಧ ನಡೆದ ಕೂಡಲೇ ಫಲ ಕಾಣುತ್ತದೆ. ನಿಮ್ಮ ರಾಜ್ಯ ಇಪ್ಪತ್ತು ವರ್ಷಕ್ಕೆ ಮುಳುಗುತ್ತಿದೆ ಅಂದರೆ ಕಾರಣ ಬಹುಶಃ ಇಂಥದ್ದಲ್ಲ, ನಿಧಾನಕ್ಕೆ ಕೆಲಸ ಮಾಡುವ ತಪ್ಪು. ಈ ಆಟ ನಿಜಕ್ಕೂ ಕಷ್ಟ ಆಗುವುದು ಇಲ್ಲಿಯೇ.

ಆಳಂದ ಕಡೆ ನಮ್ಮ ಕಾಕಾನ ತೊಗರಿ ಹೊಲ ಇದೆ. ಒಂದು ವರ್ಷ ಗಿಡ ಎದೆಮಟ್ಟ ಬೆಳೆದು ಹೂವಿಗೆ ಬಂದಿತ್ತು. ನಾಲ್ಕೇ ದಿನದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಒಣಗಲು ಶುರುವಾಯಿತು. ನೆಟೆ ರೋಗ. ನೀರು ಕಡಿಮೆಯಾಯಿತಾ ಅಂತ ನಾನು ಕೇಳಿದೆ. ಕಾಕಾ ಒಂದು ಗಿಡ ಕಿತ್ತು ಕಾಂಡ ಸೀಳಿ ಒಳಗಿನ ಕಪ್ಪು ಗೆರೆ ತೋರಿಸಿದರು. "ಗಿಡ ಇವತ್ತು ಬಾಡ್ಯದ. ರೋಗ ಇವತ್ತಿಂದಲ್ಲ. ಮೂರು ವರ್ಷ ಇದೇ ಹೊಲಕ್ಕ ತೊಗರಿನೇ ಹಾಕೀನಿ" ಅಂದರು. ಈ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ, ಗಿಡ ಚಿಕ್ಕದಿರುವಾಗಲೇ ಬೇರಿಗೆ ಹತ್ತಬಹುದು, ಕಣ್ಣಿಗೆ ಬೀಳುವುದು ಹೆಚ್ಚಾಗಿ ಹೂವು ಕಾಯಿಯ ಹೊತ್ತಿಗೆ. ಮುಂದಿನ ವರ್ಷ ಆ ಹೊಲಕ್ಕೆ ಜೋಳ ಹಾಕಿದರು.

ನನ್ನ ಬಹಮನಿ ರಾಜ್ಯವೂ ಒಮ್ಮೆ ಹೀಗೇ ಬಾಡಿತು. 1450ರ ದಶಕದಲ್ಲಿ ಆರು ವರ್ಷದೊಳಗೆ ಮೂರು ಯುದ್ಧ ಗೆದ್ದೆ. ಖಾಂದೇಶ ಪೂರ್ತಿ ನುಂಗಿದೆ, ಮಾಳ್ವಾದ ಅರ್ಧ ಕಿತ್ತುಕೊಂಡೆ. ಭೂಪಟದಲ್ಲಿ ನನ್ನ ಬಣ್ಣ ಹರಡುತ್ತಾ ಹೋಯಿತು. ಎಲ್ಲಾ ಚೆನ್ನಾಗಿದೆ ಅನ್ನುವಾಗ ಗುಜರಾತ್, ಜೌನ್‌ಪುರ, ಉಳಿದ ಮಾಳ್ವಾ ಒಟ್ಟಾಗಿ ಮೇಲೆ ಬಿದ್ದವು. ಎರಡು ವರ್ಷದಲ್ಲಿ ಕಥೆ ಮುಗಿಯಿತು.

ಸೋತದ್ದು ಕೊನೆಯ ಯುದ್ಧದಲ್ಲಿ, ನಿಜ. ಆದರೆ ತಪ್ಪು ಆದದ್ದು ಅಲ್ಲಿ ಅಲ್ಲ. ನೆಲ ಕಿತ್ತುಕೊಂಡ ಪ್ರತಿ ಸಲ ಸುತ್ತಲಿನವರ ಮನಸ್ಸಿನಲ್ಲಿ ನಿಮ್ಮ ಮೇಲೆ ಒಂದು ಭಯ ಏರುತ್ತದೆ. ಆಟದಲ್ಲಿ ಅದಕ್ಕೆ ಅಗ್ರೆಸಿವ್ ಎಕ್ಸ್‌ಪಾನ್ಶನ್ ಅಂತಾರೆ. ಹತ್ತಿರದವರಿಗೆ, ಸೋತವನ ಧರ್ಮದವರಿಗೆ ಅದು ಜಾಸ್ತಿ ಏರುತ್ತದೆ. ಒಬ್ಬ ನೆರೆಯವನಲ್ಲಿ ಅದು 50 ದಾಟಿದರೆ ಅವನು ನಿಮ್ಮ ವಿರುದ್ಧದ ಕೂಟಕ್ಕೆ ಸೇರಬಹುದು. ವರ್ಷ ಕಳೆದಂತೆ ತಾನೇ ಇಳಿಯುತ್ತದೆ, ಆದರೆ ನಿಧಾನ. ನಾನು ಇಳಿಯಲು ಬಿಡಲೇ ಇಲ್ಲ. ಇನ್ನೊಂದು ಕಡೆ ಮೂರು ಯುದ್ಧದಲ್ಲಿ ನನ್ನ ಮ್ಯಾನ್‌ಪವರ್, ಅಂದರೆ ಸೇನೆಗೆ ಸೇರಿಸಲು ಸಿಗುವ ಜನ, ಬರಿದಾಗಿತ್ತು. ಬರಿದಾದ ಮ್ಯಾನ್‌ಪವರ್ ಪೂರ್ತಿ ತುಂಬಲು ಸುಮಾರು 10 ವರ್ಷ ಬೇಕು. ಅಂದರೆ ಸೋಲಿಗೆ ಏಳೆಂಟು ವರ್ಷ ಮುಂಚೆಯೇ ನಾನು ಸೋತಿದ್ದೆ. ಶಾಂತಿ ಒಪ್ಪಂದದ ಪರದೆಯಲ್ಲಿ ಅಗ್ರೆಸಿವ್ ಎಕ್ಸ್‌ಪಾನ್ಶನ್ ಸಂಖ್ಯೆಯ ಮೇಲೆ ಮೌಸ್ ಇಟ್ಟಿದ್ದರೆ ಯಾರು ಯಾರು ಸಿಟ್ಟಾಗುತ್ತಾರೆ ಅಂತ ಅಲ್ಲೇ ಬರೆದಿತ್ತು. ನಾನು ಓದಿರಲಿಲ್ಲ.

ಇದಕ್ಕಾಗಿಯೇ ನೋಟ್‌ಬುಕ್ ಬೇಕು. ದೊಡ್ಡ ಕೆಲಸ ಏನಲ್ಲ. ಯುದ್ಧ ಸಾರುವಾಗ, ನೆಲ ತಗೊಳ್ಳುವಾಗ, ಸಾಲ ಮಾಡುವಾಗ, ಖರ್ಚು ಕಡಿಮೆ ಮಾಡುವಾಗ ಆಟ ನಿಲ್ಲಿಸಿ ಒಂದು ಸಾಲು ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ಮಾರ್ಚ್ 1452, ಖಾಂದೇಶ ಪೂರ್ತಿ ತಗೊಂಡೆ. ಗುಜರಾತಿಗೆ ಸಿಟ್ಟು ಬರುತ್ತದೆ, ಒಬ್ಬನೇ ಏನೂ ಮಾಡಲಾರ." ಅದರ ಕೆಳಗೆ ಸೋತ ಮೇಲೆ ಕೆಂಪು ಪೆನ್ನಿನಲ್ಲಿ ಬರೆದದ್ದು: "ಒಬ್ಬನೇ ಬರಲಿಲ್ಲ." ಎರಡು ಸಾಲಿನ ನಡುವೆ ಇರುವ ವರ್ಷಗಳೇ ನನಗೆ ಪಾಠ ಆದದ್ದು. ಬರೆದಿರದಿದ್ದರೆ ಮನಸ್ಸು ಸುಲಭವಾಗಿ ಕಥೆ ಕಟ್ಟುತ್ತದೆ. ಸೋತ ಮೇಲೆ ಕೇಳಿದರೆ "ಮೂರು ಜನ ಒಟ್ಟಿಗೆ ಬಂದರು, ಯಾರಿದ್ದರೂ ಸೋಲುತ್ತಿದ್ದರು" ಅಂತಲೇ ಹೇಳುತ್ತಿದ್ದೆ.

ವಿಡಿಯೋ ವಿಷಯಕ್ಕೆ ಬರೋಣ. ನೋಡಿ, ಖಂಡಿತ ನೋಡಿ. ಆದರೆ ಸೋತ ಮೇಲೆ, ಸೋತ ವಿಷಯದ ಮೇಲೆ ಮಾತ್ರ. ಆಡುವ ಮುಂಚೆ ಹತ್ತು ತಾಸಿನ ವಿಡಿಯೋ ನೋಡಿದರೆ ಯಾವ ಗುಂಡಿ ಒತ್ತಬೇಕು ಅಂತ ತಿಳಿಯುತ್ತದೆ, ಯಾಕೆ ಒತ್ತಬೇಕು ಅಂತ ತಲೆಯಲ್ಲಿ ನಿಲ್ಲೋದಿಲ್ಲ. ಪ್ರಶ್ನೆ ಹುಟ್ಟುವ ಮುಂಚೆ ಬಂದ ಉತ್ತರ ಹಾಗೇ ಜಾರಿಹೋಗುತ್ತದೆ ಅಲ್ವಾ? ಇನ್ನೊಂದು ತೊಂದರೆ ಇದೆ. 2013ರಿಂದ ಈ ಆಟಕ್ಕೆ ಎಷ್ಟೋ ಅಪ್‌ಡೇಟ್ ಬಂದಿವೆ, ಹಳೆಯ ವಿಡಿಯೋದ ಸಂಖ್ಯೆಗಳು ನಿಮ್ಮ ಪರದೆಯಲ್ಲಿ ಬೇರೆಯೇ ಇರಬಹುದು. ನಿಮ್ಮ ಪರದೆಯನ್ನೇ ಮೊದಲು ನಂಬಿ. ಯಾವ ಸಂಖ್ಯೆ ಅರ್ಥವಾಗಲಿಲ್ಲವೋ ಅದರ ಮೇಲೆ ಮೌಸ್ ಇಟ್ಟು ಎರಡು ಕ್ಷಣ ತಡೆಯಿರಿ. ಅದು ಎಲ್ಲಿಂದ ಬಂತು, ಯಾವುದು ಸೇರಿತು, ಯಾವುದು ಕಳೆಯಿತು, ಎಲ್ಲಾ ಅಲ್ಲೇ ಬಿಡಿಸಿಟ್ಟಿರುತ್ತಾರೆ.

ಐರನ್‌ಮ್ಯಾನ್ ಮೋಡ್ ಈಗಲೇ ಬೇಡ. ಅದರಲ್ಲಿ ಆಟ ತಾನೇ ಸೇವ್ ಮಾಡುತ್ತಾ ಹೋಗುತ್ತದೆ, ನಿಮಗೆ ಬೇಕಾದ ಹಳೆಯ ದಿನಕ್ಕೆ ಹೋಗಲಾಗದು. ಹಿಂದೆ ಹೋಗಿ ಮತ್ತೆ ಆಡುವುದು ಮೋಸ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಗೆಲ್ಲುವುದಕ್ಕಾಗಿ ಹಿಂದೆ ಹೋಗುವುದು ಬೇರೆ, ಯಾಕೆ ಸೋತೆ ಅಂತ ಹುಡುಕಲು ಹೋಗುವುದು ಬೇರೆ. ಪ್ರತಿ ಐದು ವರ್ಷಕ್ಕೆ ಬೇರೆ ಹೆಸರಿನಲ್ಲಿ ಒಂದು ಸೇವ್ ಇಟ್ಟುಕೊಳ್ಳಿ. ನಮ್ಮ ಕಡೆಯ ಕರೆಂಟಿಗೂ ಅದು ಒಳ್ಳೆಯದೇ.

ಎಲ್ಲವನ್ನೂ ಒಂದೇ ಆಟದಲ್ಲಿ ಕಲಿಯಲು ಹೋಗಬೇಡಿ. ಆಡಳಿತ, ರಾಜತಂತ್ರ, ಸೈನ್ಯ ಅಂತ ಮೂರು ಬಗೆಯ ಅಂಕಗಳಿವೆ. ಪ್ರತಿ ತಿಂಗಳು ಒಂದೊಂದಕ್ಕೂ 3 ಬಂದೇ ಬರುತ್ತದೆ, ರಾಜನ ಯೋಗ್ಯತೆ ನೋಡಿ 0ಯಿಂದ 6 ಸೇರುತ್ತದೆ, ಮಂತ್ರಿಗಳಿಂದ ಇನ್ನಷ್ಟು. ಗೆದ್ದ ನೆಲವನ್ನು ನಿಮ್ಮದಾಗಿ ಮಾಡಿಕೊಳ್ಳಲು ಆಡಳಿತದ ಅಂಕವೇ ಬೇಕು. ಅರಗಿಸಿಕೊಳ್ಳುವುದಕ್ಕಿಂತ ಜಾಸ್ತಿ ನುಂಗಿ ಓವರ್‌ಎಕ್ಸ್‌ಟೆನ್ಶನ್ 100 ದಾಟಿದರೆ ದಂಗೆ ಶುರು. ಮೊದಲ ಐದಾರು ಆಟಕ್ಕೆ ಇಷ್ಟು ಸಾಕು. ವ್ಯಾಪಾರದ ಪರದೆ ಕಡೆ ಈಗ ತಲೆ ಹಾಕಬೇಡಿ. ಸರಕು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಒಂದೇ ದಿಕ್ಕಿನಲ್ಲಿ ಹರಿದು ಕೊನೆಗೆ ಯುರೋಪಿನ ಕಡೆ ಸೇರುತ್ತದೆ ಅನ್ನುವುದು ಗೊತ್ತಿದ್ದರೆ ಆಯಿತು.

ನಿಮಗೆ ನಾನು ಕೊಡುವ ಕೆಲಸ ಒಂದೇ. ಬಹಮನಿಯನ್ನೇ ತಗೊಳ್ಳಿ. 1460ರವರೆಗೆ ಒಂದೇ ಒಂದು ಯುದ್ಧ ಮಾಡಿ, ವಿಜಯನಗರದ ಮೇಲೋ ಖಾಂದೇಶದ ಮೇಲೋ ನಿಮ್ಮ ಇಷ್ಟ. ಹೊರಡುವ ಮುಂಚೆ ಹಸಿರು ಪಟ್ಟಿ ನೋಡಿ. ಶಾಂತಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಯಾರು ಸಿಟ್ಟಾಗುತ್ತಾರೆ ಅಂತ ಓದಿ, ಹೆಸರು ಬರೆದಿಡಿ. ಮತ್ತೆ ಸೋತರೆ, ಯಾವ ವರ್ಷ ಸೋತಿರಿ, ಅದಕ್ಕೆ ಹತ್ತು ವರ್ಷ ಹಿಂದೆ ಪುಸ್ತಕದಲ್ಲಿ ಏನು ಬರೆದಿದ್ದಿರಿ, ಆ ಎರಡು ಸಾಲು ನನಗೆ ಕಳಿಸಿ. ಒಟ್ಟಿಗೆ ಕೂತು ನೋಡೋಣ.